ಮೆದುಳಿನ ಓದಿಗೆ ರೆಂಡಿಟ್ಟ ಎಷ್ಟು?

ಒಸಿ ಹತ್ತಿರ ಬನ್ನಿ. ಬಾಗಿಲು ಮುಂದಕ್ಕೆ ಹಾಕಿ, ಆ ಟಿವಿ ಸೌಂಡು ಜಾಸ್ತಿ ಮಾಡಿ. ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಬೇಕು, ಕಟ್ಟಿಕೊಂಡ ಗಂಡನಿಗೂ ಹೇಳಕೂಡದು. ನಾನು ಯಾರ ಸುದ್ದಿಗೂ ಹೋಗುವವಳಲ್ಲ, ಇಡೀ ರಾಮನಗರಕ್ಕೇ ಗೊತ್ತು. ಸುದ್ದಿಗಳೇ ನಮ್ಮ ಜಗಲಿ ಹುಡುಕಿಕೊಂಡು ಬಂದು ಕೂತರೆ ಎದ್ದು ಹೋಗಿ ಅನ್ನೋಕಾಗುತ್ತಾ? ಅದರಲ್ಲೂ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿರುವ ರೀಲರ್ ಭಾಯಿ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತೆ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆ. ಒಲೆಯೂ ಆರಲ್ಲ, ಮಾತೂ ಆರಲ್ಲ.

ತಾತನ ಬೈಗುಳ

ಇದೆಲ್ಲ ಶುರುವಾಗಿದ್ದು ನಮ್ಮ ಯಜಮಾನರಿಂದ. ಅವರಿಗೆ ಲಕ್ವ ಹೊಡೆದು ಬಲಗೈ ಬಿತ್ತು, ಮಾತು ಹೋಯಿತು. ನೀರು ಅನ್ನೋಕೆ ಬಾರದು, ನನ್ನ ಹೆಸರು ಬಾರದು. ಆದರೆ ಕಾಫಿ ತಣ್ಣಗಾದರೆ "ಥೂ, ನಿನ್ನ ಮುಖಕ್ಕೆ ಬೆಂಕಿ ಹಾಕ" ಅನ್ನೋದು ಮಾತ್ರ ಒಂದಕ್ಷರ ತೊದಲದೆ ಬರುತ್ತಿತ್ತು.

ಭಾಯಿಯ ಮಗಳು ಆಗ ಚಿಕ್ಕವಳು. ಸ್ಕೂಲು ಬಿಟ್ಟ ಮೇಲೆ ಬಂದು ಅವರ ಎದುರಿಗೆ ಕೂತು ಪಿಳಿಪಿಳಿ ನೋಡುತ್ತಿದ್ದಳು. "ಅಜ್ಜಿ, ತಾತನಿಗೆ ನಿಮ್ಮ ಹೆಸರು ಬರಲ್ಲ, ಬೈಗುಳ ಮಾತ್ರ ಹೆಂಗೆ ಬತ್ತದೆ? ಎರಡನ್ನೂ ತಲೇಲಿ ಬೇರೆ ಬೇರೆ ಕಡೆ ಇಟ್ಟಿರ್ತೀವಾ?"

ಡಾಕ್ಟರನ್ನು ಕೇಳಿದೆವು. "ನರದ ದೋಷ" ಅಂದು ಎದ್ದು ಹೋದರು. ಹುಡುಗಿ ಬಿಡಲಿಲ್ಲ. ದಿನಾ ಬಂದು, ಮಗುವಿಗೆ ಕಲಿಸುವ ಹಾಗೆ ಅವರಿಗೆ ನನ್ನ ಹೆಸರು ಹೇಳಿಕೊಟ್ಟಳು. ಕಡೆಗೂ ಒಂದು ದಿನ ಬಂತು ನೋಡಿ! ಬೈಗುಳದ ಬಾಲಕ್ಕೆ ಕಟ್ಟಿಕೊಂಡು ಬಂತು. ಗಂಡನಿಂದ ಬೈಸಿಕೊಂಡು ಖುಷಿಗೆ ಅತ್ತ ಹೆಂಗಸು ಈ ಬೀದಿಯಲ್ಲಿ ನಾನೊಬ್ಬಳೇ.

ಗೂಡು ಎಷ್ಟು, ನೂಲು ಎಷ್ಟು

ಯಜಮಾನರು ಹೋದರು. ಆ ಹುಡುಗಿಯ ಪ್ರಶ್ನೆ ಹೋಗಲಿಲ್ಲ. ಪಿಯುಸಿ ಮುಗಿಸಿದವಳೇ ನ್ಯೂರೋಸೈನ್ಸ್ ಓದುತ್ತೀನಿ ಅಂತ ಪಟ್ಟು ಹಿಡಿದಳು. ಮೆದುಳು, ನರ, ಅದರ ವಿದ್ಯೆಯಂತೆ. ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಗುವ ಹಾಗಿತ್ತು. ಫೀಸು ಕೇಳಿದರೆ ನಮ್ಮ ಮೆದುಳು ನಿಂತುಹೋಗುವ ಹಾಗಿತ್ತು.

ಅವರ ಮನೆಮಾತು ಉರ್ದು. ಗೋಡೆ ಪಕ್ಕ ಇಷ್ಟು ವರ್ಷ ಕೂತು ನನಗೂ ಬರುತ್ತೆ. ಮೊದಲು ಬೈಗುಳ ಬಂತು, ಮಿಕ್ಕಿದ್ದು ಆಮೇಲೆ.

"ಓದಿದರೆ ಡಾಕ್ಟರ್ ಆಗ್ತೀಯಾ?" ಅಂದರು ಭಾಯಿ.

"ಇಲ್ಲ ಅಬ್ಬಾ."

"ಆಪರೇಷನ್ ಮಾಡ್ತೀಯಾ?"

"ಇಲ್ಲ."

"ಹಂಗಾದ್ರೆ ಇದರ ರೆಂಡಿಟ್ಟ ಎಷ್ಟು?"

ಒಂದು ಕೆ.ಜಿ. ನೂಲು ಬರಬೇಕಾದರೆ ಎಷ್ಟು ಕೆ.ಜಿ. ಗೂಡು ಹಾಕಬೇಕು ಅನ್ನೋ ಲೆಕ್ಕಕ್ಕೆ ನಮ್ಮೂರ ರೀಲರ್‌ಗಳು ರೆಂಡಿಟ್ಟ ಅನ್ನುತ್ತಾರೆ. ಕಮ್ಮಿ ಇದ್ದಷ್ಟೂ ಒಳ್ಳೆಯದು. ಭಾಯಿ ಮಾವಿನಹಣ್ಣು ಕೊಳ್ಳುವಾಗಲೂ ಓಟೆ ಎಷ್ಟು, ರಸ ಎಷ್ಟು ಅಂತ ರೆಂಡಿಟ್ಟ ನೋಡುವ ಮನುಷ್ಯ.

ಹುಡುಗಿ ಸುಳ್ಳು ಹೇಳಲಿಲ್ಲ. "ಮೊದಲು ಡಿಗ್ರಿ, ಆಮೇಲೆ ಎಮ್ಮೆಸ್ಸಿ, ಆಮೇಲೆ ಪಿಎಚ್‌ಡಿ. ಪಿಎಚ್‌ಡಿಗೆ ಅವರೇ ಸ್ಟೈಪೆಂಡ್ ಕೊಡ್ತಾರೆ. ಮುಗಿದ ಮೇಲೆ ಲ್ಯಾಬು, ಕಾಲೇಜು, ಔಷಧಿ ಕಂಪನಿ. ಕೆಲಸ ಸಿಕ್ಕೇ ಸಿಗುತ್ತೆ ಅಂತ ಆಣೆ ಇಡೋಕಾಗಲ್ಲ ಅಬ್ಬಾ."

"ಗೂಡು ಬೇಯೋದಕ್ಕೇ ಹತ್ತು ವರ್ಷ! ನೂಲು ಬರೋ ಹೊತ್ತಿಗೆ ರೀಲರ್ ಇರ್ತಾನಾ ಬೇಟಾ?"

ಗೋಡೆಯ ಈಚೆಗೆ ನಾನು ಕಿವಿಯನ್ನು ಇನ್ನಷ್ಟು ಒತ್ತಿ ಹಿಡಿದೆ. ಆಗ ಅವಳ ತಾಯಿ ಬಾಯಿ ಬಿಟ್ಟಳು. ವರ್ಷಕ್ಕೊಂದು ಮಾತಾಡಿದರೆ ಹೆಚ್ಚು, ಅಂಥ ಹೆಂಗಸು.

"ನಿಮ್ಮನ್ನ ಕಟ್ಟಿಕೊಂಡಾಗ ನಾನು ರೆಂಡಿಟ್ಟ ಕೇಳಿದ್ನಾ?"

ಗುಂಡಗಿನ ಮೆದುಳು

ಭಾಯಿ "ನೋಡೋಣ" ಅಂದುಬಿಟ್ಟರು. ನಮ್ಮ ಕಡೆ ನೋಡೋಣ ಅಂದರೆ ಮುಕ್ಕಾಲು ಪಾಲು ಇಲ್ಲ ಅಂತಲೇ. ಹುಡುಗಿ ಊಟ ಸೇರದೆ ಓಡಾಡಿದಳು. ಬುದ್ಧಿ ಹೇಳಲಿ ಅಂತ ಚನ್ನಪಟ್ಟಣದಿಂದ ಅವಳ ಸೋದರಮಾವನನ್ನು ಕರೆಸಿದರು. ಬಣ್ಣದ ಗೊಂಬೆ ಮಾಡುವ ಮನುಷ್ಯ. ಬೇಡ ಅಂತ ಹೇಳಲು ಬಂದವನು, ಸೋದರಸೊಸೆಯ ಮುಖ ನೋಡಿ, ಬಿರಿಯಾನಿ ಮಾತ್ರ ತಿಂದು ವಾಪಸ್ ಹೋದ. ಮುಂದಿನ ವಾರ ಒಂದು ಮರದ ಮೆದುಳು ಮಾಡಿ ತಂದ. ಕೆಂಪು ಅರಗು ಬಳಿದು ಫಳಫಳ ಅನ್ನುತ್ತಿತ್ತು.

"ಮಾಮೂ, ಮೆದುಳು ಇಷ್ಟು ಗುಂಡಗಿರಲ್ಲ. ಮಡಿಕೆ ಮಡಿಕೆ ಇರ್ತದೆ."

"ನನ್ನ ಲೇತಿನಲ್ಲಿ ತಿರುಗಿಸಿದ್ದು ಗುಂಡಗೇ ಬತ್ತದೆ ಬೇಟಾ. ನಿಂದನ್ನೇ ಒಸಿ ಅಡ್ಜಸ್ಟ್ ಮಾಡ್ಕೊ."

ಮಾರ್ಕೆಟಿನ ಮಾತು

ಅದಾದ ಮೇಲೆ ಒಂದು ಸಂಜೆ ಹುಡುಗಿಯ ತಾಯಿ ಸೆರಗು ಹೊದ್ದುಕೊಂಡು ಬಂದಳು. ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮ, ಅವರಬ್ಬಾ ಒಪ್ಪಿದಾರೆ. ಯಾರಿಗೂ ಹೇಳಬೇಡಿ" ಅಂದಳು.

ನಾನು ಯಾರಿಗೆ ಹೇಳಲಿ? ಹಾಲಿನವಳಿಗೆ ಅಂದೆ, ಅವಳು ಮನೆಯವಳಿದ್ದ ಹಾಗೆ. ಹೂವಿನವಳಿಗೆ ಅಂದೆ, ಅವಳಿಗೆ ಕಿವಿ ಮಂದ. ಅಷ್ಟೆ.

ಬೆಳಗ್ಗೆ ಭಾಯಿ ಗೂಡಿನ ಮಾರ್ಕೆಟ್ಟಿಗೆ ಹೋದರೆ, ಬಾಗಿಲಲ್ಲೇ ಒಬ್ಬ ಕೈ ಕುಲುಕಿದನಂತೆ. ಒಳಗೆ ಇನ್ನೊಬ್ಬ ಟೀ ತರಿಸಿದನಂತೆ. ಕೈಲಾಂಚ ಹಳ್ಳಿಯ ರೈತನೊಬ್ಬ ಹತ್ತಿರ ಬಂದು, "ಭಾಯಿ, ಮಗಳನ್ನ ಮೆದುಳು ಓದ್ಸಕ್ಕೆ ಕಳುಸ್ತಾ ಇದ್ದೀರಂತೆ. ಒಳ್ಳೆ ಕೆಲಸ ಮಾಡುದ್ರಿ. ನಮ್ಮವ್ವ ನನ್ನೇ ಯಾರ್ಲಾ ನೀನು ಅಂತವ್ಳೆ. ಹಸ ಕರೆಯೋದು ಮಾತ್ರ ಮರ್ತಿಲ್ಲ. ಅದ್ಯಾಕೆ ಅಂತ ಮಗಳನ್ನ ಒಸಿ ಕೇಳಿ" ಅಂದ. ಇದನ್ನು ಆ ರೈತನೇ ನನಗೆ ಹೇಳಿದ್ದು. ನಾನಾಗಿ ಕೇಳಲಿಲ್ಲ. ಬಸ್ಸಿಗೆ ಹೋಗುತ್ತಿದ್ದವನನ್ನು ಕರೆದು ನೀರು ಕೊಟ್ಟು ಕೂರಿಸಿದೆ, ಅಷ್ಟೇ.

ಭಾಯಿಯ ಕೈ ಗೂಡಿನ ರಾಶಿಯೊಳಗೇ ನಿಂತುಬಿಟ್ಟಿತಂತೆ. ಗುಟ್ಟು ಹೊರಬಿತ್ತಲ್ಲ ಅಂತ ಗಾಬರಿ ಅಂದುಕೊಂಡೆ ನಾನು. ಸುತ್ತ ಜನ. ಎಲ್ಲರೂ ಅವರ ಬಾಯನ್ನೇ ನೋಡುತ್ತಾ ಇದ್ದಾರೆ. ಆ ರೈತನ ಕಣ್ಣಲ್ಲಿ ನೀರಿತ್ತಂತೆ.

"ಹೂಂ, ಕಳಿಸ್ತಾ ಇದ್ದೀನಿ," ಅಂದರಂತೆ ಭಾಯಿ. "ಕಲಿಯೋಕೆ ವರ್ಷಗಟ್ಟಲೆ ಹಿಡೀತದೆ. ಕಲಿತ ಮೇಲೆ ಕೇಳಿ ಹೇಳ್ತೀನಿ."

"ಆಗ್ಲಿ ಬುಡಿ. ನಮ್ಮವ್ವನಿಗೆ ಕಾಯಿ ಅಂತ ಹೇಳ್ತೀನಿ. ಹೇಳಿದ್ದನ್ನೂ ಮರ್ತು ಆರಾಮಾಗಿ ಕಾಯ್ತಾಳೆ."

ಕೌಂಟರಿನ ಕನ್ನಡಕ

ಕಾಲೇಜಿಗೆ ಸೇರಿಸಲು ಹೋದಾಗಲೂ ಭಾಯಿ ಲೆಕ್ಕ ಬಿಡಲಿಲ್ಲ. ಕೌಂಟರಿನಲ್ಲಿ ಕೂತಿದ್ದ ಕನ್ನಡಕದ ಹೆಣ್ಣುಮಗಳನ್ನು ಕೇಳಿಯೇಬಿಟ್ಟರು: "ಮೇಡಂ, ಈ ಕೋರ್ಸಿಗೆ ರೆಂಡಿಟ್ಟ ಎಷ್ಟು?"

ಗೊತ್ತಿಲ್ಲ ಅನ್ನೋದಕ್ಕೆ ಆಯಮ್ಮನಿಗೆ ನಾಚಿಕೆ. ಕಂಪ್ಯೂಟರ್ ನೋಡಿ ಅಂದಳಂತೆ: "ಅದು ಮೂರನೇ ಸೆಮಿಸ್ಟರಲ್ಲಿ ಬರುತ್ತೆ ಸರ್."

ಎದುರಿಗೇ ಅಂದದ್ದು

ಈಗ ಹುಡುಗಿ ಬೆಳಗಿನ ರೈಲಿಗೆ ಹೋಗಿ ಸಂಜೆ ಬರುತ್ತಾಳೆ. ಬ್ಯಾಗು ಇಳಿಸುವ ಮೊದಲು ನಮ್ಮ ಜಗಲಿಗೆ ಬಂದು, ತಾತನಿಗೆ ಬೈಗುಳ ಯಾಕೆ ಉಳೀತು ಅಂತ ಕಲಿತಷ್ಟನ್ನು ಹೇಳುತ್ತಾಳೆ. ನನಗೆ ಅರ್ಥವಾಗಲ್ಲ. ಅವಳು ಹೇಳುವಾಗ ಯಜಮಾನರು ಒಳಗೆಲ್ಲೋ ಕಾಫಿಗೆ ಕಾಯುತ್ತಾ ಕೂತಿದ್ದಾರೆ ಅನ್ನಿಸುತ್ತೆ, ಅದಕ್ಕೇ ಕೇಳುತ್ತೀನಿ.

ಮೊನ್ನೆ ಅವಳ ತಾಯಿ ಶಾವಿಗೆ ಪಾಯಸ ತಂದಳು. ನನ್ನ ಮನಸ್ಸಲ್ಲಿ ಆ ಮಾರ್ಕೆಟಿನ ವಿಚಾರ ಚುಚ್ಚುತ್ತಾನೇ ಇತ್ತು. ಅವಳು ಕೇಳುವ ಮೊದಲೇ ನಾನೇ ಅಂದೆ: "ನೋಡವ್ವ, ಆ ಗುಟ್ಟು ನನ್ನ ಬಾಯಿಂದ ಆಚೆಗೆ ಹೋಗಿಲ್ಲ. ಮಾರ್ಕೆಟ್ ಗಂಟ ಯಾರು ಮುಟ್ಟಿಸಿದ್ರೋ, ಅವರ ನಾಲಿಗೆಗೆ ಹುಳ ಬೀಳ!"

"ಹಂಗನ್ನಬೇಡಿ ಅಮ್ಮ," ಅಂದಳು. "ಅವರಬ್ಬಾ ಆವತ್ತು ಒಪ್ಪಿರಲೇ ಇಲ್ಲ."

"ಆಂ? ಮತ್ತೆ ಒಪ್ಪವ್ರೆ, ಯಾರಿಗೂ ಹೇಳಬೇಡಿ ಅಂತ ನನ್ನ ಕಿವೀಲಿ ಯಾಕಂದೆ?"

ಆ ಮಾತೇ ಆಡದ ಹೆಂಗಸು ನನ್ನ ಕೈಗೆ ಪಾಯಸದ ಲೋಟ ಕೊಟ್ಟು, ನನ್ನ ಮುಖವನ್ನೇ ನೋಡಿಕೊಂಡು ಅಂದಳು:

"ಗುಟ್ಟಾಗೇ ಇರಬೇಕಾಗಿದ್ರೆ ಮಾರ್ಕೆಟ್ ಮೈಕಲ್ಲಿ ಕೂಗಿಸ್ತಿದ್ದೆ, ಅದನ್ನ ಯಾರೂ ಕೇಳಿಸ್ಕೊಳ್ಳಲ್ಲ. ಊರಿಗೆಲ್ಲ ಮುಟ್ಟಬೇಕಾಗಿತ್ತಲ್ಲ ಅಮ್ಮ, ಅದಕ್ಕೇ ನಿಮಗೆ ಹೇಳಿದೆ."