ಪಿಂಚ್‌ಬೆಕ್ ನೌಕರನಲ್ಲ

ಕೆಟ್ಟರಿಂಗ್ ಊರಿನ ವಾರಪತ್ರಿಕೆಯವನು ಫೋಟೋದ ಕೆಳಗೆ ಬರೀ ಹೆಸರು ಹಾಕಿ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಏಳನೇ ಪುಟದಲ್ಲಿ, ಹಗ್ಗ ಜಗ್ಗಾಟದ ತಂಡದ ಕಟ್ಟಕಡೆಗೆ ನಿಂತು ಕಣ್ಣುಗುಡ್ಡೆ ಹೊರಬರುವಂತೆ ಜಗ್ಗುತ್ತಿದ್ದ ಲೆಸ್ಲಿ ಪಿಂಚ್‌ಬೆಕ್‌ನ ಚಿತ್ರದ ಕೆಳಗೆ ಅವನು "ಥ್ರಪ್‌ವುಡ್ ಬಿಸ್ಕತ್ತು ಯಂತ್ರ ಕಾರ್ಖಾನೆಯ ನೆಚ್ಚಿನ ನೌಕರ" ಎಂದು ಅಚ್ಚು ಹಾಕಿಬಿಟ್ಟ. ಲೆಸ್ಲಿಯ ಹೆಂಡತಿ ಹೆಟ್ಟಿ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತೆರಿಗೆ ಇಲಾಖೆಯವರೂ ಕತ್ತರಿಸಿದರು. ಅವರು ಫೈಲಿಗೆ ಅಂಟಿಸಿದರು.

ಏಕೆಂದರೆ ಲೆಸ್ಲಿ ನೌಕರನಲ್ಲ. ಕಾಗದದ ಮೇಲಂತೂ ಅಲ್ಲ. ಅವನು ಪಿಂಚ್‌ಬೆಕ್ ಕಂಟ್ರೋಲ್ಸ್ ಲಿಮಿಟೆಡ್ ಎಂಬ ಕಂಪನಿಯ ಮಾಲೀಕ, ಏಕೈಕ ನಿರ್ದೇಶಕ ಮತ್ತು ಏಕೈಕ ಕೆಲಸಗಾರ. ಕಸದ ಬುಟ್ಟಿ ಖಾಲಿ ಮಾಡುವವನೂ ಅವನೇ. ಬಿಸ್ಕತ್ತು ಬೇಯಿಸುವ ಒಲೆಗಳ ಶಾಖವನ್ನು ಹದದಲ್ಲಿಡುವ ಪ್ರೋಗ್ರಾಂ ಬರೆಯುವುದು ಅವನ ಕಸುಬು. ಥ್ರಪ್‌ವುಡ್‌ನವರಿಂದ ಗುತ್ತಿಗೆ ಹಿಡಿದು ಆರು ವರ್ಷದಿಂದ ಅದೇ ಕಾರ್ಖಾನೆಯ ಅದೇ ಕಿಟಕಿಯ ಪಕ್ಕ ಅದೇ ಕುರ್ಚಿಯಲ್ಲಿ ಕೂತಿದ್ದ. ಗುತ್ತಿಗೆದಾರನಿಗೆ ತೆರಿಗೆ ಕಡಿಮೆ, ನೌಕರನಿಗೆ ಹೆಚ್ಚು. ಆರು ವರ್ಷ ಒಂದೇ ಕಡೆ ಬೇರು ಬಿಟ್ಟವನು ವೇಷ ಹಾಕಿದ ನೌಕರನೇ ಇರಬೇಕು ಎಂಬುದು ಇಲಾಖೆಯ ಗುಮಾನಿ. ಅದು ಸಾಬೀತಾದರೆ ಅಷ್ಟೂ ವರ್ಷದ ತೆರಿಗೆ, ಬಡ್ಡಿ, ದಂಡ. ಕಟ್ಟಬೇಕೆಂದರೆ ಮನೆ ಮಾರಬೇಕು. ಮನೆ ಮಾರಿದರೆ ಅತ್ತೆಯ ಮನೆಯಲ್ಲಿ ಹೋಗಿ ಇರಬೇಕು. ಲೆಸ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಈ ಕೊನೆಯದಕ್ಕೆ.

ಪುಣ್ಯಕ್ಕೆ ಅವನು ವಿಮೆ ಮಾಡಿಸಿದ್ದ. ಇಂಥ ತನಿಖೆ ಬಂದರೆ ವಿಮೆ ಕಂಪನಿಯವರೇ ಅವನ ಪರವಾಗಿ ವಾದಿಸುತ್ತಾರೆ. ಸೋತರೆ ತೆರಿಗೆಯನ್ನೂ ಅವರೇ ತುಂಬುತ್ತಾರೆ. ಷರತ್ತು ಒಂದೇ. ತನಿಖೆ ಮುಗಿಯುವ ತನಕ ಅವರ ಸಲಹೆಗಾರ್ತಿಯ ಮಾತು ಮೀರಬಾರದು. ಮೀರಿದರೆ ಬಿಡಿಗಾಸೂ ಇಲ್ಲ.

ಆ ಸಲಹೆಗಾರ್ತಿ ಮಿಸ್ ಪೆನ್‌ಹ್ಯಾಲಿಗನ್ ಗುರುವಾರ ಬೆಳಿಗ್ಗೆ ಏಳೂವರೆಗೇ ಫೋನು ಮಾಡಿದಳು.

"ಇವತ್ತು ಇನ್‌ಸ್ಪೆಕ್ಟರು ಕಾರ್ಖಾನೆಗೆ ಬರ್ತಾರೆ, ಗೊತ್ತಲ್ವಾ? ನೀವು ಹೇಗೆ ಕೆಲಸ ಮಾಡ್ತೀರಿ ಅಂತ ಕಣ್ಣಾರೆ ನೋಡ್ತಾರೆ. ಬರ್ಕೊಳ್ಳಿ. ಒಂಬತ್ತು ಗಂಟೆಗೆ ಹೋಗ್ಬೇಡಿ, ಅದು ನೌಕರರ ಹೊತ್ತು. ಅವರ ಜಾಗದಲ್ಲಿ ಕಾರು ನಿಲ್ಲಿಸ್ಬೇಡಿ. ಅವರ ಟೀ ಕುಡೀಬೇಡಿ. ಯಾರಾದ್ರೂ 'ಇದು ಮಾಡು' ಅಂದ್ರೆ ಮಾಡ್ಬೇಡಿ."

"ಮಾಡ್ಬೇಡಿ ಅಂದ್ರೆ? ಮತ್ತೆ ನಾನು ಅಲ್ಲಿಗೆ ಹೋಗೋದ್ಯಾಕೆ?"

"ಕೋರಿಕೆ ಇದ್ರೆ ಮಾಡಿ, ಅಪ್ಪಣೆ ಆದ್ರೆ ಬೇಡ. ಇನ್ನೊಂದು, ನಿಮ್ಮ ಸಲಕರಣೆ ನೀವೇ ತಗೊಂಡು ಹೋಗಿ. ಕುರ್ಚಿ ಯಾರದ್ದು?"

"ಅವರದ್ದು."

"ಅಯ್ಯೋ," ಎಂದಳು ಮಿಸ್ ಪೆನ್‌ಹ್ಯಾಲಿಗನ್.

ಹೀಗಾಗಿ ಹತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಲೆಸ್ಲಿ ಪಿಂಚ್‌ಬೆಕ್ ತನ್ನ ಮನೆಯ ಊಟದ ಮೇಜಿನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಕಂಕುಳಲ್ಲಿ ಫ್ಲಾಸ್ಕ್ ಇರುಕಿಕೊಂಡು, ಊರು ಬಿಟ್ಟು ಓಡಿಬಂದವನ ಹಾಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದ. ಕಾರನ್ನು ಅರ್ಧ ಮೈಲಿ ಆಚೆ ರಸ್ತೆಯಲ್ಲಿ ನಿಲ್ಲಿಸಿದ್ದ.

ಕಚೇರಿ ನೋಡಿಕೊಳ್ಳುವ ಮೌರೀನ್ ಬಾಗಿಲಲ್ಲೇ ಸಿಕ್ಕಳು. ಅರವತ್ತೊಂದು ವರ್ಷದ ಹೆಂಗಸು. ಕಾರ್ಖಾನೆಯ ನೂರಾನಲವತ್ತು ಜನರಲ್ಲಿ ಯಾರಿಗೆ ನೆಗಡಿ, ಯಾರಿಗೆ ನಿಶ್ಚಿತಾರ್ಥ, ಎಲ್ಲವೂ ಅವಳಿಗೆ ಗೊತ್ತು.

"ಬಾರೋ ಮರಿ, ಯಾಕಿಷ್ಟು ತಡ? ಇದ್ಯಾಕೆ ಕುರ್ಚಿ? ತಗೋ ಟೀ, ಎರಡು ಸಕ್ಕರೆ ಹಾಕಿದೀನಿ."

"ಬೇಡ ಮೌರೀನ್. ನಾನು ನನ್ನದೇ ತಂದಿದೀನಿ."

ಮೌರೀನ್‌ಳ ಮುಖ ಕಳೆಗುಂದಿತು. ಆರು ವರ್ಷದಲ್ಲಿ ಲೆಸ್ಲಿ ಅವಳ ಟೀ ಬೇಡ ಅಂದದ್ದು ಇದೇ ಮೊದಲು.

"ಹೆಟ್ಟಿ ಮನೆಯಿಂದ ಆಚೆ ಹಾಕಿದ್ಳಾ?" ಎಂದು ಪಿಸುಗುಟ್ಟಿದಳು. "ನನ್ ಹತ್ರ ಹೇಳೋ, ಯಾರಿಗೂ ಹೇಳಲ್ಲ. ಹಾಸಿಗೆ ಎಲ್ಲಿ? ಕಾರಲ್ಲಿದ್ಯಾ?"

"ಯಾರೂ ಹಾಕಿಲ್ಲ! ಇದು ನನ್ನ ಸಲಕರಣೆ. ನಾನು ಸ್ವತಂತ್ರ ವ್ಯಾಪಾರಿ, ಮೌರೀನ್."

"ಹೌದು ಮರಿ, ಹೌದು," ಎಂದು ಅವಳು ಅವನ ಬೆನ್ನು ಸವರಿದಳು. ಐದು ನಿಮಿಷದಲ್ಲಿ ಪಿಂಚ್‌ಬೆಕ್ ದಂಪತಿಯ ಸಂಸಾರ ಒಡೆದ ಸುದ್ದಿ ಪ್ಯಾಕಿಂಗ್ ವಿಭಾಗ ಮುಟ್ಟಿತು. ಹತ್ತು ನಿಮಿಷದಲ್ಲಿ, ಮೂರು ಸಲ ವಿಚ್ಛೇದನ ಪಡೆದ ಫೋರ್‌ಮನ್ ಡಗ್ಗಿ ಅವನ ಪಕ್ಕ ಬಂದು ಕೂತು, "ಮೊದಲನೇದು ಮಾತ್ರ ಕಷ್ಟ ಕಣಪ್ಪ, ಆಮೇಲೆ ರೂಢಿ ಆಗುತ್ತೆ. ನನ್ ವಕೀಲನ ನಂಬರ್ ತಗೋ," ಎಂದ.

ಲೆಸ್ಲಿ ಹಲ್ಲು ಕಚ್ಚಿಕೊಂಡು ಕಂಪ್ಯೂಟರು ತೆರೆಯುವಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ಹೆಸರು ಕಾರ್‌ಸ್ಟೇರ್ಸ್, ಸ್ಕಾಟ್‌ಲೆಂಡಿನವರು, ಮಡಚಿದ ಛತ್ರಿಯಂತೆ ಉದ್ದಕ್ಕೆ ತೆಳ್ಳಗಿದ್ದರು. ಜೊತೆಗೆ ಮ್ಯಾನೇಜರು ಆಲರೆನ್‌ಷಾ. ದುಂಡಗಿನ ಮನುಷ್ಯ, ಒಂದು ವಾರದಿಂದ ಯಾವುದೋ ಚಿಂತೆಯಲ್ಲಿ ಮುಖ ಬಾಡಿಸಿಕೊಂಡಿದ್ದ.

"ನಾನಿದ್ದೀನಿ ಅಂತ ಅಂದ್ಕೋಬೇಡಿ, ಪಿಂಚ್‌ಬೆಕ್ ಅವರೇ," ಎಂದರು ಕಾರ್‌ಸ್ಟೇರ್ಸ್. "ದಿನಾ ಮಾಡೋ ಹಾಗೆ ಮಾಡ್ತಾ ಇರಿ." ಮೂಲೆಯಲ್ಲಿ ಕೂತು ಟಿಪ್ಪಣಿ ಪುಸ್ತಕ ಬಿಚ್ಚಿದರು.

ಅದೇ ಹೊತ್ತಿಗೆ ಪರೀಕ್ಷಾ ಕೊಠಡಿಯಿಂದ ಡಗ್ಗಿಯ ಕೂಗು ಬಂತು. "ಪಿಂಚಿ! ಮೂರನೇ ಒಲೆ ಶಾಖ ಏರ್ತಾ ಇದೆ! ಬೇಗ ಬಾ!"

ಲೆಸ್ಲಿ ಅರ್ಧ ಎದ್ದ. ಕಾರ್‌ಸ್ಟೇರ್ಸ್‌ರ ಪೆನ್ನೂ ಎದ್ದಿತು. ಲೆಸ್ಲಿ ಮತ್ತೆ ಕೂತ. ಮೇಜಿನ ಕೆಳಗೆ ತಲೆ ತೂರಿಸಿ ಫೋನು ಹಚ್ಚಿದ.

"'ಬೇಗ ಬಾ' ಅಂದ್ರೆ ಅಪ್ಪಣೆನಾ, ಕೋರಿಕೆನಾ?"

"'ದಯವಿಟ್ಟು' ಅಂದ್ರಾ?" ಎಂದು ಕೇಳಿದಳು ಮಿಸ್ ಪೆನ್‌ಹ್ಯಾಲಿಗನ್.

"ಇಲ್ಲ."

"ಹಾಗಾದ್ರೆ ಅಪ್ಪಣೆ. ಲಿಖಿತದಲ್ಲಿ ಕೇಳಿ."

ಲೆಸ್ಲಿ ಗಂಟಲು ಸರಿಮಾಡಿಕೊಂಡು ಕೂಗಿದ. "ಡಗ್ಗಿ, ಆ ವಿಷಯ ಬರವಣಿಗೆಯಲ್ಲಿ ನನ್ನ ಕಂಪನಿಗೆ ಕಳಿಸು! ಪರಿಶೀಲಿಸ್ತೀನಿ!"

"ಏನು?"

"ಕೋರಿಕೆ ಪತ್ರ!"

"ನಿನಗೇನು ತಲೆಗಿಲೆ ಕೆಟ್ಟಿದ್ಯೇನೋ? ಇಲ್ಲಿ ನಾನೂರು ಬಿಸ್ಕತ್ತು ಹೊತ್ತಿ ಉರೀತಾ ಇದೆ!"

ಡಗ್ಗಿ ಒಳ್ಳೆಯವನು. ಬೈಯುತ್ತಲೇ ಒಂದು ರಟ್ಟಿನ ತುಂಡಿನ ಮೇಲೆ "ದಯವಿಟ್ಟು ಬಾ" ಎಂದು ಬರೆಯಲು ಪೆನ್ನು ಹುಡುಕಿದ. ಸಿಕ್ಕ ಮೊದಲನೆಯ ಪೆನ್ನು ಬರೆಯಲಿಲ್ಲ. ಎರಡನೆಯದು ಸಿಗುವ ಹೊತ್ತಿಗೆ ಬೆಂಕಿಯ ಗಂಟೆ ಬಡಿದುಕೊಳ್ಳತೊಡಗಿತು, ಬೆಂಕಿ ಆರಿಸಲೆಂದು ಸೂರಿಗೆ ಹಾಕಿದ್ದ ಕೊಳವೆಗಳಿಂದ ನೀರು ಸುರಿಯಿತು.

ಗಂಟೆ ಬಡಿದರೆ ಎಲ್ಲರನ್ನೂ ಹೊರಗೆ ಕರೆದೊಯ್ದು ಎಣಿಸುವ ಹೊಣೆ ಮೂರು ವರ್ಷದಿಂದ ಲೆಸ್ಲಿಯದು. ಇದನ್ನು ಅವನು ಮಿಸ್ ಪೆನ್‌ಹ್ಯಾಲಿಗನ್‌ಳಿಗೆ ಹೇಳಿರಲಿಲ್ಲ, ನೆನಪೇ ಇರಲಿಲ್ಲ. ಮೌರೀನ್ ಹಳದಿ ಜಾಕೆಟ್ಟು ಹಿಡಿದು ಓಡಿಬಂದಳು. ಅವಳ ಹಿಂದೆ ನೂರಾನಲವತ್ತು ಜನ ತೊಯ್ದುಕೊಂಡು ನಿಂತು, ದಾರಿ ತೋರಿಸುತ್ತಾನೆ ಎಂದು ಲೆಸ್ಲಿಯ ಮುಖವನ್ನೇ ನೋಡಿದರು.

"ಹಾಕ್ಕೋ ಮರಿ, ಬೇಗ."

"ಹಾಕ್ಕೊಳ್ಳಲ್ಲ! ನಾನು ನಿಮ್ಮವನಲ್ಲ! ಹೋಗಿ, ನಿಮ್ಮ ಪಾಡಿಗೆ ನೀವು ತಪ್ಪಿಸ್ಕೊಳ್ಳಿ!" ಎಂದು ಲೆಸ್ಲಿ ಕಿರುಚಿದ. ತನ್ನ ಕುರ್ಚಿಯನ್ನು ಮಾತ್ರ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಓಡಿದ.

ಕೊನೆಗೆ ಆಲರೆನ್‌ಷಾನೇ ಆ ಜಾಕೆಟ್ಟಿನೊಳಗೆ ನುಗ್ಗಿದ. ಅದು ಅವನ ಎದೆಯವರೆಗೆ ಬಂದು, ಮುಂದೆ ಹೋಗಲೊಪ್ಪದೆ ನಿಂತಿತು. ಅಂಗಳದಲ್ಲಿ ಮೌರೀನ್ ಹೆಸರು ಕೂಗಿದಳು. "ಪಿಂಚ್‌ಬೆಕ್!" ಮತ್ತೆ ಕೂಗಿದಳು. "ಪಿಂಚ್‌ಬೆಕ್, ಲೆಸ್ಲಿ!" ರಸ್ತೆಯ ಆಚೆ ಬದಿಯಲ್ಲಿ, ತನ್ನ ಕುರ್ಚಿಯ ಮೇಲೆ ಒಬ್ಬನೇ ಕೂತು ಫ್ಲಾಸ್ಕಿನ ಟೀ ಕುಡಿಯುತ್ತಿದ್ದವನನ್ನು ಎಲ್ಲರೂ ನೋಡಿದರು. ಯಾರೋ ಒಬ್ಬ, "ಒಳಗೆ ಸತ್ತ ಅಂತ ಬರ್ಕೊಳ್ಳಿ ಮೌರೀನ್," ಎಂದ. ಲೆಸ್ಲಿಯ ಕಿವಿಯೆರಡೂ ಉರಿದವು. ಇವರೆಲ್ಲ ನಿನ್ನೆಯವರೆಗೆ ಅವನ ಗೆಳೆಯರು.

ಕಾರ್‌ಸ್ಟೇರ್ಸ್ ಒದ್ದೆ ಪುಸ್ತಕದಲ್ಲಿ ಬರೆಯುತ್ತಲೇ ಇದ್ದರು.

ಮಧ್ಯಾಹ್ನ ಆಲರೆನ್‌ಷಾನ ಕೋಣೆಯಲ್ಲಿ ಮೂವರೂ ಕೂತರು. ಲೆಸ್ಲಿ ತನ್ನದೇ ಕುರ್ಚಿಯಲ್ಲಿ.

"ಒಂದೇ ಪ್ರಶ್ನೆ," ಎಂದರು ಕಾರ್‌ಸ್ಟೇರ್ಸ್. "ನಾಳೆ ಇವರು ನಿಮಗೆ ಕೆಲಸ ಕೊಡದೇ ಇದ್ರೆ?"

ಈ ಉತ್ತರವನ್ನು ಲೆಸ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದ. "ಕೊಡ್ಲೇಬೇಕು ಅಂತ ಇಲ್ಲ ಸಾರ್. ಅವರಿಗೆ ನನ್ನ ಋಣ ಇಲ್ಲ, ನನಗೆ ಅವರ ಋಣ ಇಲ್ಲ. ಮುನ್ಸೂಚನೆ ಬೇಡ, ಪರಿಹಾರ ಬೇಡ, ಕಾರಣ ಕೂಡ ಹೇಳ್ಬೇಕಿಲ್ಲ. ಇವತ್ತು ಬೇಡ ಅಂದ್ರೆ ಇವತ್ತೇ ಹೊರಟೆ!"

"ನಿಜವಾ?" ಎಂದರು ಕಾರ್‌ಸ್ಟೇರ್ಸ್, ಆಲರೆನ್‌ಷಾ ಕಡೆ ತಿರುಗಿ.

ಆಲರೆನ್‌ಷಾ ಕರಾರು ಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದ. "ಹೌದು... ಹೌದಲ್ಲಾ! ಹಾಗೇ ಇದೆ! ನಾನು ಇವತ್ತೇ ಓದ್ತಾ ಇರೋದು." ಅವನ ಮುಖದಲ್ಲಿ ಒಂದು ವಾರದ ನಂತರ ಮೊದಲ ಬಾರಿಗೆ ಬಣ್ಣ ಬಂತು.

ಇನ್‌ಸ್ಪೆಕ್ಟರು ಪುಸ್ತಕ ಮುಚ್ಚಿದರು. "ಪಿಂಚ್‌ಬೆಕ್ ಅವರೇ, ಮೂವತ್ತೊಂದು ವರ್ಷದ ಸರ್ವೀಸು ನಂದು. ನಿಮ್ಮಂಥವರನ್ನ ಯಾವ ಕಾರ್ಖಾನೆಯೂ ನೌಕರ ಅಂತ ಇಟ್ಕೊಳ್ಳಲ್ಲ. ಫೈಲು ಮುಚ್ಚೋಕೆ ಬರೀತೀನಿ. ನಮಸ್ಕಾರ."

ಟ್ಯಾಕ್ಸಿ ಅವರನ್ನು ಸ್ಟೇಷನ್ನಿಗೆ ಕರೆದೊಯ್ದದ್ದನ್ನು ಕಣ್ಣಾರೆ ನೋಡಿದ ಮೇಲೆ ಲೆಸ್ಲಿ ಮೆಟ್ಟಿಲ ಮೇಲೆ ಎರಡು ಹೆಜ್ಜೆ ಕುಣಿದ. ಇನ್ನು ಎಲ್ಲರ ಹತ್ತಿರ ಕ್ಷಮೆ ಕೇಳಬೇಕು, ಮೌರೀನ್‌ಳಿಗೆ ಹೂವು ತರಬೇಕು ಎಂದುಕೊಳ್ಳುವಾಗ ಆಲರೆನ್‌ಷಾ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಲೆಸ್ಲಿ, ನೀನು ನನ್ನ ಜೀವ ಉಳಿಸ್ದೆ ಕಣೋ. ನಾಳೆಯೊಳಗೆ ಒಬ್ಬರನ್ನ ಕಡಿಮೆ ಮಾಡು ಅಂತ ಹೆಡ್ ಆಫೀಸಿನ ಕಾಗದ ಬಂದು ಒಂದು ವಾರ ಆಯ್ತು. ಯಾರನ್ನ ಮುಟ್ಟಿದ್ರೂ ಮೂರು ತಿಂಗಳ ಮುನ್ಸೂಚನೆ, ಪರಿಹಾರ, ಯೂನಿಯನ್ನು, ಕೋರ್ಟು. ಊಟ ಸೇರ್ತಿರ್ಲಿಲ್ಲ. ನೀನು ನೋಡು, ಎಷ್ಟು ಸಲೀಸಾಗಿ ದಾರಿ ತೋರಿಸ್ದೆ!"

"ನಾನಾ?"

"ಇವತ್ತು ಬೇಡ ಅಂದ್ರೆ ಇವತ್ತೇ ಹೊರಟೆ ಅಂದ್ಯಲ್ಲ! ಯಾರಿಗಿದೆಯೋ ಇಂಥ ದೊಡ್ಡ ಮನಸ್ಸು?"

"ಸಾರ್, ಅದು... ಅದು ಅವರಿಗೆ ಹೇಳಿದ್ದು! ಆರು ವರ್ಷ ಸಾರ್!"

"ಕಾರಣ ಕೂಡ ಹೇಳ್ಬೇಕಿಲ್ಲ ಅಂದೆ. ಆದ್ರೂ ಮರ್ಯಾದೆಗೆ ಹೇಳಿದೀನಿ," ಎಂದು ಆಲರೆನ್‌ಷಾ ಕಣ್ಣೊರೆಸಿಕೊಂಡ.

ಲೆಸ್ಲಿ ಮಿಸ್ ಪೆನ್‌ಹ್ಯಾಲಿಗನ್‌ಳಿಗೆ ಫೋನು ಹಚ್ಚಿದ. "ನನ್ನ ಕೆಲಸ ಹೋಯ್ತು. ವಿಮೆ ಇದಕ್ಕೆ ಏನಾದ್ರೂ ಕೊಡುತ್ತಾ?"

"ಕೆಲಸನಾ?" ಮಿಸ್ ಪೆನ್‌ಹ್ಯಾಲಿಗನ್‌ಳ ದನಿಯಲ್ಲಿ ನಿಜವಾದ ಅಚ್ಚರಿಯಿತ್ತು. "ಹೋಗೋಕೆ ನಿಮಗೆ ಕೆಲಸ ಅಂತ ಎಲ್ಲಿತ್ತು? ಇಲ್ಲ ಅಂತ ತೋರಿಸೋಕೆ ತಾನೇ ಬೆಳಿಗ್ಗೆಯಿಂದ ಇಬ್ರೂ ಒದ್ದಾಡಿದ್ದು? ಆದ್ರೆ ಒಂದು ಮಾತು ಕೇಳಿ. ಫೈಲು ಮುಚ್ಚಿದ ಕಾಗದ ಕೈಗೆ ಬರೋವರೆಗೆ ಅಲ್ಲಿ ಯಾರ ಹತ್ರಾನೂ..."

"ನಿಮ್ಮ ಮಾತು ಕೇಳಿದ್ದು ಸಾಕು!" ಎಂದು ಲೆಸ್ಲಿ ಫೋನು ಕುಕ್ಕಿದ.

ನಾಲ್ಕೂವರೆಗೆ, ಕುರ್ಚಿ ಹೊತ್ತು ಹೊರಡಲು ಬಂದವನನ್ನು ಮೌರೀನ್ ತೋಳು ಹಿಡಿದು ಊಟದ ಕೋಣೆಗೆ ಎಳೆದೊಯ್ದಳು. ಅಲ್ಲಿ ಎಲ್ಲರೂ ಇದ್ದರು. ಗೋಡೆಗೆ ಬಲೂನು ಕಟ್ಟಿದ್ದರು. ನೂರಾನಲವತ್ತು ಜನ ಸಹಿ ಮಾಡಿದ ದೊಡ್ಡ ಕಾರ್ಡಿತ್ತು. ಹೆಂಡತಿಯೂ ಇಲ್ಲ, ಕೆಲಸವೂ ಇಲ್ಲ ಎಂದಾದ ಮೇಲೆ ಬೆಳಗಿನ ಕೋಪ ಯಾರಿಗೂ ಉಳಿದಿರಲಿಲ್ಲ. ನಿವೃತ್ತರಾಗುವ ನೌಕರರಿಗೆಂದು ಬೀರುವಿನಲ್ಲಿಟ್ಟಿದ್ದ ಹಿತ್ತಾಳೆಯ ಗಡಿಯಾರವನ್ನು ಆಲರೆನ್‌ಷಾ ತಾನೇ ತಂದು ಅವನ ಕೈಗಿತ್ತ. ಡಗ್ಗಿ ಅವನನ್ನು ತಬ್ಬಿಕೊಂಡು, "ಒಲೆ ಹೋದ್ರೆ ಹೋಗ್ಲಿ ಬಿಡೋ," ಎಂದ.

"ಮಾತಾಡು, ಮಾತಾಡು!" ಎಂದು ಎಲ್ಲರೂ ಕೂಗಿದರು.

ಬೆಳಿಗ್ಗೆಯಿಂದ ಲೆಸ್ಲಿ ತಡೆದಿಟ್ಟುಕೊಂಡಿದ್ದದ್ದೆಲ್ಲ ಕಟ್ಟೆಯೊಡೆಯಿತು. ಇನ್ನು ಮುಚ್ಚಿಡುವುದಕ್ಕೆ ಏನಿದೆ?

"ಬೆಳಿಗ್ಗೆ ನಾನು ಆಡಿದ್ದೆಲ್ಲ ನಾಟಕ," ಎಂದ, ಮೂಗೊರೆಸಿಕೊಳ್ಳುತ್ತ. "ಇದು ನನ್ನ ಮನೆ. ಆರು ವರ್ಷ ಒಂಬತ್ತಕ್ಕೆ ಬಂದು ಐದಕ್ಕೆ ಹೋದೆ. ರಜೆ ಬೇಕಾದ್ರೆ ಮೌರೀನ್‌ನ ಕೇಳಿ ತಗೊಂಡೆ. ಆಲರೆನ್‌ಷಾ ಸಾರ್ ಏನು ಹೇಳಿದ್ರೋ ಅದನ್ನೇ ಮಾಡಿದೆ, ಒಂದು ದಿನಕ್ಕೂ ಆಗಲ್ಲ ಅಂದವನಲ್ಲ. ನಿಮ್ಮಲ್ಲಿ ಒಬ್ಬ ಅಂತಲ್ಲದೆ ಬೇರೆ ಥರ ನಾನು ಯಾವತ್ತೂ..."

ಜನರ ಕಣ್ಣೆಲ್ಲ ಅವನ ಬೆನ್ನ ಹಿಂದೆ ಬಾಗಿಲ ಕಡೆ ಇದ್ದವು. ಲೆಸ್ಲಿ ತಿರುಗಿದ.

ಮಳೆಯಲ್ಲಿ ತೊಯ್ದು ಕಾರ್‌ಸ್ಟೇರ್ಸ್ ನಿಂತಿದ್ದರು. ಲೆಸ್ಟರ್ ಊರಿಗೆ ಹೋಗುವ ರೈಲು ರದ್ದಾಗಿದೆ, ಸ್ಟೇಷನ್ನಿನಲ್ಲಿ ಕೂರಲು ಜಾಗವಿಲ್ಲ, ಮುಂದಿನದು ಬರುವವರೆಗೆ ಇಲ್ಲಿ ಸ್ವಲ್ಪ ಕೂರಬಹುದೇ ಎಂದು ಕೇಳಲು ಬಂದಿದ್ದರಂತೆ. ಒಂದು ಕೈಯಲ್ಲಿ ಆಗಲೇ ಟಿಪ್ಪಣಿ ಪುಸ್ತಕವಿತ್ತು. ಹೊಸ ಪುಟ ಅರ್ಧ ತುಂಬಿತ್ತು.

"ಕೂತ್ಕೊಳ್ಳಿ ಸಾರ್, ಚಳೀಲಿ ನಡುಗ್ತಾ ಇದೀರಿ," ಎಂದು ಮೌರೀನ್ ಅವರಿಗೊಂದು ಟವೆಲು ಕೊಟ್ಟಳು. "ನಮ್ಮ ಹುಡುಗನ ಬೀಳ್ಕೊಡುಗೆ."

"ತುಂಬ ಉಪಕಾರ ಆಯ್ತಮ್ಮ," ಎಂದು ಕಾರ್‌ಸ್ಟೇರ್ಸ್ ಕೂತು, ಮಂಡಿಯ ಮೇಲೆ ಪುಸ್ತಕ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಲೆಸ್ಲಿಯತ್ತ ನೋಡಿದರು.

"ನಿಲ್ಲಿಸ್ಬೇಡಿ ಪಿಂಚ್‌ಬೆಕ್ ಅವರೇ. 'ಏನು ಹೇಳಿದ್ರೋ ಅದನ್ನೇ ಮಾಡಿದೆ' ಅಂದ್ರಿ. ಅಲ್ಲಿವರೆಗೆ ಬರ್ಕೊಂಡಿದೀನಿ. ಆಮೇಲೆ?"