ಅಪ್ಪನ ಮಂಚದ ಗುಂಡಿ

ಕಂಡಕ್ಟರನಿಗೆ ವಾರದ ರಜೆ ಬಂತೆಂದರೆ ಆ ಮನೆಯ ಸಾಮಾನುಗಳಿಗೆಲ್ಲ ಎದೆ ಡವಡವ. ಮನುಷ್ಯ ಒಳ್ಳೆಯವನೇ. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಯಾರ ಮೇಲೂ ರೇಗಿದವನಲ್ಲ. ಆದರೆ ಕೈಗೊಂದು ಸುತ್ತಿಗೆ ಸಿಕ್ಕರೆ ಮುಗಿಯಿತು. ಅವನು ರಿಪೇರಿ ಮಾಡಿದ ಕುರ್ಚಿಯ ಮೇಲೆ ಯಾರೂ ಕೂರುತ್ತಿರಲಿಲ್ಲ, ಹೂವಿನ ಕುಂಡ ಇಟ್ಟಿದ್ದರು. ಅದನ್ನೂ ಗೋಡೆಗೆ ಒರಗಿಸಿ. ಅವನು ಸರಿಮಾಡಿದ ಕಿಟಕಿ ತೆಗೆಯಲು ಬರುತ್ತಿತ್ತು, ಮುಚ್ಚಲು ಬರುತ್ತಿರಲಿಲ್ಲ. ಅವನಮ್ಮ ಮಾತ್ರ ಇದಕ್ಕೆಲ್ಲ ಒಂದು ದಿನವೂ ಒಂದು ಮಾತು ಅಂದವಳಲ್ಲ. ಮಗ ಸುತ್ತಿಗೆ ಹುಡುಕತೊಡಗಿದ ಕೂಡಲೇ, "ಬೇಡ ಬಿಡು ಮಗಾ, ವಾರವೆಲ್ಲ ನಿಂತೇ ಇರ್ತೀಯ, ಒಂದು ದಿನನಾದ್ರೂ ಕೂತ್ಕೋ," ಎನ್ನುತ್ತಿದ್ದಳು. ಅಮ್ಮನಿಗೆ ತನ್ನ ಮೇಲೆ ಅದೆಷ್ಟು ಪ್ರೀತಿ ಎಂದು ಅವನು ಹಿಗ್ಗುತ್ತಿದ್ದ.

ಆ ದಿನ ಅಮ್ಮ ಮನೆಯಲ್ಲಿರಲಿಲ್ಲ. ವಾರದ ಹಿಂದೆ ಮಗಳ ಮನೆಗೆ ಹೋದವಳು ಅವತ್ತು ಸಂಜೆ ಬಸ್ಸಿಗೆ ಬರುವವಳಿದ್ದಳು. ಹೆಂಡತಿ ಬಟ್ಟೆಯ ಗಂಟು ಹೊತ್ತು ಹೊಳೆಗೆ ಹೊರಡುವಾಗ ಹೇಳಿದ್ದು ಇಷ್ಟೇ: "ರೀ, ಅತ್ತೆ ಮಂಚದಲ್ಲಿ ಒಂದು ಹಗ್ಗ ಹರಿದಿದೆ. ಅವರು ಬರೋದ್ರೊಳಗೆ ಒಂದು ಗಂಟು ಹಾಕಿಬಿಡಿ. ಒಂದೇ ಒಂದು ಗಂಟು, ಗೊತ್ತಾಯ್ತಾ?"

ಜಗಲಿಯ ಮೇಲಿನ ಆ ಹಗ್ಗದ ಮಂಚ ಅಪ್ಪನ ಕೈಕೆಲಸ. ಅಪ್ಪ ಊರಿನ ಅಂಚೆಯಣ್ಣನಾಗಿದ್ದವನು, ತೀರಿಕೊಂಡು ಎರಡು ವರ್ಷವಾಗಿತ್ತು. ಹಿತ್ತಲಿನ ಮರ ಕಡಿದು, ಚೌಕಟ್ಟು ಮಾಡಿ, ತಾನೇ ಹಗ್ಗ ಹೆಣೆದಿದ್ದ. ನಟ್ಟನಡುವೆ ಒಂದು ದೊಡ್ಡ ಗುಂಡಿ. ಕಂಡಕ್ಟರ್ ಹರಿದ ಹಗ್ಗದ ಎರಡು ತುದಿ ಹಿಡಿದು ಎಳೆದ. ಅದರ ಪಕ್ಕದ್ದೂ ಕಿತ್ತುಬಂತು. ಅದನ್ನು ಹಿಡಿದರೆ ಇನ್ನೊಂದು. 'ಹೋಗಲಿ, ಅಮ್ಮ ಬರುವಷ್ಟರಲ್ಲಿ ಇಡೀ ಮಂಚವನ್ನೇ ಹೊಸದು ಮಾಡಿಬಿಟ್ಟರೆ!' ಎಂದುಕೊಂಡ. ಅಟ್ಟದ ಮೇಲೆ ಹೊಸ ಹಗ್ಗದ ಸುರುಳಿಯಿತ್ತು. ಹಳೆಯದನ್ನೆಲ್ಲ ಕೊಯ್ದು ಒಲೆಗೆ ತುರುಕಿ ನೀರು ಕಾಯಿಸಿಕೊಂಡ.

ಆಮೇಲೆ ನಡೆದದ್ದೇ ಪವಾಡ. ಬಸ್ಸಿನ ಟಾಪಿನ ಮೇಲೆ ಮೂಟೆ, ಸೈಕಲ್ಲು, ಕೋಳಿಬುಟ್ಟಿ ಬಿಗಿದು ಬಿಗಿದು ಪಳಗಿದ ಕೈ ಅವನದು. ಸುತ್ತಿಗೆ ಮೊಳೆ ಒಲಿಯದಿದ್ದರೂ ಹಗ್ಗ ಒಲಿದಿತ್ತು. ಅದು ಅವನಿಗೂ ಅವತ್ತೇ ಗೊತ್ತಾದದ್ದು. ಕಾಲು ಕೊಟ್ಟು ಎಳೆದ, ಹಲ್ಲು ಕಚ್ಚಿ ಬಿಗಿದ. ಬಿಸಿಲು ಜಗಲಿ ಹತ್ತುವಷ್ಟರಲ್ಲಿ ಮಂಚ ನಗಾರಿಯ ಹಾಗೆ ನಿಂತಿತ್ತು. ಬೆರಳಲ್ಲಿ ಮೀಟಿದರೆ ಟಂಯ್ ಎನ್ನುತ್ತಿತ್ತು.

ಎದುರುಮನೆ ಅಕ್ಕ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದವಳು ಎದ್ದು ಬಂದಳು. ಬೀದಿಯಲ್ಲಿ ಅವಳು ನೋಡದೆ ಒಂದು ಬೆಕ್ಕೂ ದಾಟುವಂತಿರಲಿಲ್ಲ. ಕೈಯಲ್ಲಿದ್ದ ಹುಣಸೆಬೀಜವನ್ನು ಮಂಚದ ಮೇಲೆ ಎಸೆದಳು. ಅದು ಪುಟಿದು ಅವಳ ಹಣೆಗೇ ಬಡಿಯಿತು.

"ಅಬ್ಬಬ್ಬಾ! ನೀನೇ ಹೆಣೆದಿದ್ದೇನೋ ಇದು? ದೇವರಾಣೆ ನಂಬೋಕಾಗಲ್ಲ!"

ಕಂಡಕ್ಟರನ ಎದೆ ಒಂದು ಗೇಣು ಉಬ್ಬಿತು. ಹುಟ್ಟಿದಾರಭ್ಯ ಅವನ ಕೈಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಹೊಳೆಯಿಂದ ಬಂದ ಹೆಂಡತಿ ಮಂಚ ನೋಡಿದಳು, ಒಲೆಯ ಬಾಯಲ್ಲಿ ಉಳಿದಿದ್ದ ಸುಟ್ಟ ಹಗ್ಗ ನೋಡಿದಳು, ಗಂಡನ ಮುಖ ನೋಡಿದಳು, ಒದ್ದೆ ಬಟ್ಟೆಯ ಗಂಟನ್ನು ಧೊಪ್ಪೆಂದು ನೆಲಕ್ಕೆ ಹಾಕಿದಳು.

"ಗುಂಡಿ ಎಲ್ರೀ?"

"ಯಾವ ಗುಂಡಿ?"

"ಮಾವನ ಗುಂಡಿ! ಮಂಚ ಬಿಗಿಸೋಣ ಅಂದಾಗೆಲ್ಲ ಅತ್ತೆ ಏನಂತಿದ್ರು? 'ಅದು ನಿಮ್ಮ ಮಾವನ ಗುಂಡಿ, ಯಾರೂ ಮುಟ್ಟಬೇಡಿ' ಅಂತಿರಲಿಲ್ವಾ? ಮಾವ ಮಲಗಿ ಮಲಗಿ ಆದ ಗುಂಡಿರೀ ಅದು. ಅವರದ್ದು ಅಂತ ಈ ಮನೇಲಿ ಉಳಿದಿದ್ದು ಅದೊಂದೇ. ಅದನ್ನೂ ಸುಟ್ಟು ನೀರು ಕಾಯಿಸ್ಕೊಂಡ್ರಾ?"

ಕಂಡಕ್ಟರನ ಉಬ್ಬಿದ ಎದೆ ಪುಸ್ಸೆಂದಿತು. ಅವನಿಗೆ ಎಲ್ಲ ನೆನಪಾಯಿತು. ಚಿಕ್ಕಂದಿನಲ್ಲಿ ಸಂಜೆ ಮಂಚವನ್ನು ಅಂಗಳಕ್ಕೆ ತಂದು ಹಾಕುತ್ತಿದ್ದರು. ಆ ಕಡೆ ಅಪ್ಪ, ಈ ಕಡೆ ಅಮ್ಮ, ನಡುವೆ ಅವನು ಮತ್ತು ಅವನಕ್ಕ. ಅಪ್ಪ ಹುರಿದ ಕಡಲೆಕಾಯಿ ಸುಲಿದು ಇಬ್ಬರ ಬಾಯಿಗೂ ಹಾಕುತ್ತಾ, ಊರೂರಿನ ಕಾಗದದ ಕತೆ ಹೇಳುತ್ತಿದ್ದ. ಯಾರು ಎಲ್ಲೇ ಮಲಗಲಿ, ಸ್ವಲ್ಪ ಹೊತ್ತಿಗೆ ಎಲ್ಲರೂ ಉರುಳಿಕೊಂಡು ಆ ಗುಂಡಿಗೇ ಬರುತ್ತಿದ್ದರು. ಅಪ್ಪನ ಖಾಕಿ ಅಂಗಿಯ ವಾಸನೆ, ಅಮ್ಮನ ಬಳೆ, ಅಕ್ಕನ ಮೊಣಕೈ, ಎಲ್ಲ ಒಟ್ಟಿಗೆ. ಅಷ್ಟು ಬೆಚ್ಚಗಿನ ಜಾಗ ಅವನಿಗೆ ಆಮೇಲೆ ಎಲ್ಲೂ ಸಿಕ್ಕಿರಲಿಲ್ಲ. ಅದನ್ನು ಅವನೇ ಕೊಯ್ದು ಒಲೆಗೆ ಹಾಕಿದ್ದ. ಕಣ್ಣಲ್ಲಿ ನೀರೇ ಬಂತು.

"ಅಳ್ತಾ ಕೂತ್ರೆ ಗುಂಡಿ ಬೀಳುತ್ತಾ? ಸಂಜೆ ಬಸ್ಸಿಗೆ ಮುಂಚೆ ಏನಾದ್ರೂ ಮಾಡಿ," ಎಂದಳು ಹೆಂಡತಿ.

ಮೊದಲು ಅವನು ಕಾಲ ಕಡೆಯ ಹಗ್ಗ ಸಡಿಲಿಸಿ ನೋಡಿದ. ಇಡೀ ಮಂಚವೇ ಒದ್ದೆ ಸೀರೆಯ ಹಾಗೆ ಜೋತುಬಿತ್ತು. ಗುಂಡಿ ಎಂದರೆ ನಡುವೆ ಇರಬೇಕು. ಮತ್ತೆ ಬಿಗಿದ.

"ನೀರು ಹಾಕೋ, ಹಗ್ಗ ಮೆತ್ತಗಾಗುತ್ತೆ," ಎಂದಳು ಎದುರುಮನೆ ಅಕ್ಕ. ಕೊಡಗಟ್ಟಲೆ ನೀರು ಹೊಯ್ದರು. ಹಗ್ಗ ನೀರು ಕುಡಿದು ಉಬ್ಬಿ, ಮೊದಲಿಗಿಂತ ಬಿಗಿಯಾಯಿತು. ಈಗ ಹುಣಸೆಬೀಜ ಎಸೆದರೆ ಸೂರು ಮುಟ್ಟುತ್ತಿತ್ತು.

"ಯಾಕೋ, ಹೀಗಾಯ್ತಲ್ಲ," ಎಂದು ಎದುರುಮನೆ ಅಕ್ಕ ಮೆಲ್ಲಗೆ ಹಿಂದೆ ಸರಿದಳು. ಆದರೆ ಮನೆಗೆ ಹೋಗಲಿಲ್ಲ. ಬೀದಿಗೆಲ್ಲ ಸುದ್ದಿ ಮುಟ್ಟಿಸಿ ಬಂದಳು.

ಸುದ್ದಿ ಕೇಳಿ ಮೊದಲು ಬಂದವನು ಹಿಟ್ಟಿನ ಗಿರಣಿಯ ಗಿರಣಿ ಅಣ್ಣ. ರೆಪ್ಪೆಯ ಮೇಲೂ ಹಿಟ್ಟು. ಅವನು ಬಸ್ಸು ಹತ್ತಿದರೆ ಕಂಡಕ್ಟರ್ ಪಕ್ಕದ ಸೀಟಿಗೆ ಬೇರೆ ಯಾರನ್ನೂ ಕೂರಿಸುತ್ತಿರಲಿಲ್ಲ, ಜಾಗವೇ ಇರುತ್ತಿರಲಿಲ್ಲ. "ಗುಂಡಿ ತಾನೇ? ಸರಿ, ಅತ್ತ ಸರೀರಿ," ಎಂದು ಅವನು ಮಂಚದ ಮೇಲೆ ಧಡಾರನೆ ಕೂತ. ಮಂಚ ಅಯ್ಯೋ ಎಂದಿತು. ಗುಂಡಿಯೇನೋ ಬಿತ್ತು, ಆದರೆ ಕಾಲ ಬುಡದಲ್ಲಿ.

"ಅಲ್ಲಲ್ಲ, ಅಲ್ಲಲ್ಲ!" ಎನ್ನುತ್ತಾ ಬಂದವನು ಕತ್ತರಿ ತಾತ. ಊರಿಗೆಲ್ಲ ಕ್ಷೌರ ಮಾಡುವ ಮುದುಕ, ಅಪ್ಪನ ಗೆಳೆಯ. "ನಾನು ಈ ಮಂಚದ ಮೇಲೇ ಕೂರಿಸಿ ಅವನಿಗೆ ಗಡ್ಡ ಹೆರೆದವನು. ಅವನು ಹೇಗೆ ಮಲಗ್ತಿದ್ದ ಅಂತ ನನಗೆ ಗೊತ್ತಿಲ್ವೇನು? ಬಲಮಗ್ಗುಲು, ಕೆನ್ನೆ ಕೆಳಗೆ ಕೈ, ಮೊಣಕಾಲು ಹೀಗೆ ಮಡಚಿ. ನೋಡಿ, ಹೀಗೆ."

ತೋರಿಸಲೆಂದು ಮಲಗಿದ ತಾತ ಗೊರಕೆ ಹೊಡೆಯತೊಡಗಿದ.

"ಎಬ್ಬಿಸಬೇಡಿ," ಎಂದ ಗಿರಣಿ ಅಣ್ಣ. "ಅಚ್ಚು ಸರಿಯಾಗಿದೆ. ತೂಕ ಒಂದೇ ಕಮ್ಮಿ." ಹಾಗೆಂದು ತಾತನ ಪಕ್ಕದಲ್ಲಿ ತಾನೂ ಕೂತ. ತಾತ ಉರುಳಿ ಅವನ ತೊಡೆಯ ಮೇಲೆ ಬಂದು ಬಿದ್ದ, ಆದರೂ ಗೊರಕೆ ನಿಲ್ಲಲಿಲ್ಲ.

ಬಿಸಿಲು ಇಳಿಯುತ್ತಾ ಬಂತು. ಮಂಚದ ನಡುವೆ ತಟ್ಟೆಯಷ್ಟು ತಗ್ಗಾಗಿತ್ತು, ಅಷ್ಟೇ. ಕಂಡಕ್ಟರ್ ಬೀದಿಯ ಕಡೆ ನೋಡಿದ. ತಮಾಷೆ ನೋಡಲು ಅರ್ಧ ಬೀದಿಯೇ ನೆರೆದಿತ್ತು. ಇಷ್ಟು ಜನ ಕಂಡ ಕೂಡಲೇ ಅವನೊಳಗಿನ ಕಂಡಕ್ಟರ್ ಎದ್ದು ನಿಂತ.

"ಬನ್ನಿ ಬನ್ನಿ, ಹತ್ತಿ! ಯಾರೂ ಬಾಗಿಲಲ್ಲಿ ನಿಲ್ಲಬೇಡಿ! ಅಕ್ಕಾ, ಮಧ್ಯಕ್ಕೆ ಹೋಗಿ, ಮಧ್ಯಕ್ಕೆ! ಮಧ್ಯ ಖಾಲಿ ಇದೆ ನೋಡಿ! ಇನ್ನೂ ಇಬ್ಬರಿಗೆ ಜಾಗ ಇದೆ!"

ಜನ ಹತ್ತಿದರು. ಬಸ್ಸಿನಲ್ಲಿ ಎಷ್ಟು ಬಡಕೊಂಡರೂ ಮಧ್ಯಕ್ಕೆ ಹೋಗದವರು ಅವತ್ತು ಒಬ್ಬರ ಮೇಲೊಬ್ಬರು ಮಧ್ಯಕ್ಕೇ ಹೋದರು. ಎದುರುಮನೆ ಅಕ್ಕ ಗಿರಣಿ ಅಣ್ಣನ ಹೆಗಲು ಹಿಡಿದು ನಿಂತಳು. ಮಂಚದ ಕಾಲು ಕಿರ್ರೆಂದಿತು. ಕಂಡಕ್ಟರ್ "ಹೋಲ್ಡಾನ್!" ಎಂದು ಕೂಗುವಷ್ಟರಲ್ಲಿ ಹಗ್ಗಗಳೆಲ್ಲ ಒಟ್ಟಿಗೆ ಉಸ್ಸೆಂದು ಜಗ್ಗಿದವು. ಎಲ್ಲರೂ ಗುಡ್ಡೆಯಾಗಿ ನಡುವೆ ಬಿದ್ದರು. ಕತ್ತರಿ ತಾತ ಆಗ ಎಚ್ಚರಗೊಂಡು, "ಸ್ಟಾಪ್ ಬಂತಾ?" ಎಂದ.

ಒಬ್ಬೊಬ್ಬರನ್ನೇ ಎಳೆದು ಹಾಕಿ ನೋಡಿದರೆ, ಗುಂಡಿ! ಅದೇ ಆಳ, ಅದೇ ಅಗಲ. ತಾತ ಕೈಯಿಟ್ಟು ಸವರಿ, "ಅವನೇ ಎದ್ದುಹೋದ ಹಾಗಿದೆ ಕಣೋ," ಎಂದ. ಹೆಂಡತಿ ಹಾಸಿಗೆ ಹಾಸಿದಳು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಅಮ್ಮ ಇಳಿದಳು. ಕಂಡಕ್ಟರ್ ಅವಳ ಚೀಲ ಎತ್ತಿಕೊಂಡರೆ ಕಲ್ಲಿನ ಹಾಗಿತ್ತು.

"ಏನಮ್ಮಾ ಇದರಲ್ಲಿ?"

"ಏನೋ ಒಂದು. ಒಳಗಿಡು, ಆಮೇಲೆ ಹೇಳ್ತೀನಿ."

ಅಮ್ಮ ಜಗಲಿ ಹತ್ತಿದಳು. ಬೀದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು. ಹಾಸಿಗೆಯ ಅಂಚಿನಿಂದ ಇಣುಕುತ್ತಿದ್ದ ಹೊಸ ಹಗ್ಗ ಅವಳ ಕಣ್ಣಿಗೆ ಬಿತ್ತು. ಮಗನ ಅಂಗೈಯ ಬೊಬ್ಬೆಗಳೂ ಬಿದ್ದವು. ಮಂಚದ ಮೇಲೆ ಕೂತಳು. ಮೆಲ್ಲಗೆ ಗುಂಡಿಗೆ ಇಳಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಹೇಗಿದೆ ಅಮ್ಮಾ?" ಎಂದ ಮಗ.

ಅಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ತೊಟ್ಟಿಲ ಹಾಗಿದೆ ಮಗಾ," ಎಂದಳು.

ಎದುರುಮನೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಿರಣಿ ಅಣ್ಣ ಮುಖ ಒರೆಸಿಕೊಂಡಾಗ ಹಿಟ್ಟು ಒದ್ದೆಯಾಗಿ ಕೆನ್ನೆಗೆ ಮೆತ್ತಿಕೊಂಡಿತು. ಎಲ್ಲರೂ ತಮ್ಮ ತಮ್ಮ ಸೊಂಟ ಹಿಡಿದುಕೊಂಡು ತೃಪ್ತಿಯಿಂದ ಮನೆಗೆ ಹೋದರು. ಕಂಡಕ್ಟರನ ಕಾಲು ನೆಲದ ಮೇಲಿರಲಿಲ್ಲ. ಅಮ್ಮ ಕೈಕಾಲು ತೊಳೆದು ಅಡುಗೆಮನೆಗೆ ಹೋದಳು. ಅವನು ಚೀಲ ಒಳಗಿಡಲು ಹೋದವನು ಅಡುಗೆಮನೆಯ ಬಾಗಿಲಲ್ಲೇ ನಿಂತ.

"ನಿನ್ನ ಗಂಡನ ಮುಂದೆ ಬಾಯಿಬಿಡಬೇಡ ಕಣಮ್ಮಾ," ಎನ್ನುತ್ತಿದ್ದಳು ಅಮ್ಮ ಸೊಸೆಗೆ. "ಆ ಚೀಲದಲ್ಲಿ ಹಗ್ಗ ಇದೆ. ಮಗಳ ಮನೆ ಹತ್ತಿರ ಮಂಚ ಹೆಣೆಯೋನು ಒಬ್ಬ ಇದಾನೆ, ನಾಳೆ ಬರೋಕೆ ಹೇಳಿದೀನಿ. ಅಲ್ಲಿ ಒಂದು ವಾರ ಬಿಗಿ ಮಂಚದ ಮೇಲೆ ಮಲಗಿದೆ ನೋಡು, ಸೊಂಟಕ್ಕೆ ಜೀವ ಬಂತು."

"ಅತ್ತೆ! ಮತ್ತೆ ಮಾವನ ಗುಂಡಿ?"

"ಅದು ಮಲಗಿ ಬಿದ್ದ ಗುಂಡಿ ಅಲ್ಲ ಕಣೇ, ಹೆಣೆದಾಗಲೇ ಬಿದ್ದ ಗುಂಡಿ! ಮದುವೆಯಾದ ಹೊಸದು. ಬೇಡ ಅಂದ್ರೂ ಕೇಳದೆ ತಾನೇ ಹೆಣೆದರು. ಸಂಜೆ ನಾನು ಕೂತೆ, ಮೊಣಕಾಲು ಗದ್ದಕ್ಕೆ ಬಂತು. 'ಹೇಗಿದೆ?' ಅಂತ ಮಗು ಹಾಗೆ ಕೇಳಿದರು. ಏನು ಹೇಳೋದು? ತೊಟ್ಟಿಲ ಹಾಗಿದೆ ಅಂದೆ. ಆ ಒಂದು ಮಾತಿಗೆ ನಲವತ್ತು ವರ್ಷ ನನ್ನ ಸೊಂಟ ದಂಡ ಕಟ್ಟಿತು. ಅವರು ಹೋದ ಮೇಲಾದ್ರೂ ಬಿಗಿಸೋಣ ಅಂದ್ರೆ, ಇವನು ನಾನೇ ಮಾಡ್ತೀನಿ ಅಂತ ಹಗ್ಗ ಹಿಡಿದು ಬರ್ತಾನೆ. ಅದಕ್ಕೇ 'ಮಾವನ ಗುಂಡಿ, ಮುಟ್ಟಬೇಡಿ' ಅಂತಿದ್ದೆ. ಹೊಸ ಹಗ್ಗ ಹಾಕಿಯೂ ಅದೇ ಗುಂಡಿ ತಂದಿದಾನಲ್ಲೇ! ಥೇಟು ಅಪ್ಪನ ಕೈ."

"ಮತ್ತೆ ಕಣ್ಣಲ್ಲಿ ನೀರು ಬಂತಲ್ಲ ಅತ್ತೆ?"

"ಸೊಂಟ ಹಿಡೀತು, ಬರದೆ ಇರುತ್ತಾ?" ಅಮ್ಮ ಸೊಂಟ ನೀವಿಕೊಂಡಳು. "ಅವರ ನೆನಪೂ ಬಂತು ಅನ್ನು."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಒಲೆಯ ಕಡೆ ತಿರುಗಿದಳು. ಕಂಡಕ್ಟರ್ ಚೀಲ ಕೆಳಗೆ ಹಾಕಿ ಒಳಗೆ ನುಗ್ಗಿದ.

"ಅಮ್ಮಾ! ನಾನು ಬಿಗಿಯಾಗೇ ಹೆಣೆದಿದ್ದೆ! ಬೆಳಗ್ಗೆ ನಗಾರಿ ಹಾಗಿತ್ತು! ಬೇಕಾದ್ರೆ ಎದುರುಮನೆ ಅಕ್ಕನ್ನ ಕೇಳು, ಹುಣಸೆಬೀಜ ಪುಟೀತಿತ್ತು!"

ಅಮ್ಮ ಗಾಬರಿಯಾಗಿ ತಿರುಗಿದಳು. ಅಯ್ಯೋ, ಕೇಳಿಸಿಕೊಂಡುಬಿಟ್ಟನಲ್ಲ ಎಂಬ ಸಂಕಟ ಅವಳ ಮುಖದಲ್ಲಿ. ಹತ್ತಿರ ಬಂದು ಅವನ ಬೊಬ್ಬೆ ಬಂದ ಅಂಗೈ ಹಿಡಿದುಕೊಂಡಳು.

"ಇದ್ದಿರುತ್ತೆ ಮಗಾ, ಇದ್ದಿರುತ್ತೆ," ಎಂದಳು. "ನಿಮ್ಮಪ್ಪನೂ ಹಾಗೇ ಹೇಳ್ತಿದ್ರು. ಬೆಳಗ್ಗೆ ಬಿಗಿಯಾಗೇ ಇತ್ತಂತೆ."

ಕಂಡಕ್ಟರ್ ಅಂಗೈ ಬಿಡಿಸಿಕೊಂಡ. ಹೊರಗೆ ಬಂದು ಮಂಚದ ಮೇಲೆ ಕೂತ. ಮೊಣಕಾಲು ಗದ್ದಕ್ಕೆ ಬಂತು.