ಎಲ್ಲರನ್ನೂ ಕೇಳುವ ಮಾಮಾ

ನನ್ನ ಸೋದರಮಾವನಿಗೆ ಸ್ವಂತ ಬುದ್ಧಿ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಊರಿನವರೆಲ್ಲರ ಬುದ್ಧಿಯೂ ಅವನ ಬಳಿಯೇ ಇತ್ತು! ಒಂದು ಕೊಡೆ ಕೊಳ್ಳಬೇಕೆಂದರೂ ಬಟ್ಟೆಗೆ ದರ್ಜಿಯನ್ನು, ಹಿಡಿಕೆಗೆ ಬಡಿಗನನ್ನು, ಮಳೆಗೆ ಕುರಿ ಕಾಯುವವರನ್ನು ಕೇಳಬೇಕು. ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತಿತ್ತು. "ಒಂದ ಕಸಬಿನವ್ರನ್ನ ಕೇಳಿದ್ರ ಅರ್ಧಾನೇ ತಿಳೀತದ," ಎನ್ನುತ್ತಿದ್ದ.

ಇಂಥವನ ಕೈಗೆ ನನ್ನ ಮದುವೆ ಸಿಕ್ಕಿತು! ಅಪ್ಪ ತೀರಿಹೋದ ಮೇಲೆ ಚಿತ್ತಾಪುರದ ನಮ್ಮ ಮನೆಗೆ ಅವನೇ ಹಿರಿಯ. ಸೇಡಂನಿಂದ ಸಂಬಂಧ ಬಂತು. ವರ ಸಾಲಿ ಮಾಸ್ತರ. ಅವ್ವ ಒಪ್ಪಿದಳು. ಮಾಮಾ ಮಾತ್ರ ಚೀಲ ಹೆಗಲಿಗೇರಿಸಿ ಸಲಹೆ ಕೇಳಲು ಹೊರಟ.

ಶಹಾಬಾದಿನ ಕಲ್ಲುಗಣಿಯವನು, "ಬಡದು ನೋಡ್ರಿ, ಬಿರುಕಿದ್ರ ದನಿ ಒಡೀತದ," ಎಂದನಂತೆ. ಸುಲೇಪೇಟದ ತೊಗರಿ ವ್ಯಾಪಾರಿ, "ಮ್ಯಾಲಿಂದು ನೋಡಬ್ಯಾಡ್ರಿ, ಚೀಲದ ತಳಕ್ಕ ಕೈ ಹಾಕ್ರಿ," ಎಂದನಂತೆ. ವಾಡಿ ಸ್ಟೇಷನ್ನಿನವನು, "ಗಾಡಿ ಲೇಟಾದಾಗ ಮಂದಿ ಖರೇ ಗುಣ ಕಾಣ್ತದ," ಎಂದನಂತೆ.

ಕೇಳಿ ಸುಮ್ಮನಿದ್ದರೆ ಅವನು ಮಾಮಾನೇ? ಹೆಣ್ಣು ನೋಡಲು ಬಂದವರನ್ನು ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕಾಯಿಸಿದ. ಗಾಡಿ ಲೇಟು! ಒಳಗೆ ಮಿರ್ಚಿ ಭಜಿ ಆರಿಹೋಯಿತು. ಆಮೇಲೆ ವರನ ಬೆನ್ನಿಗೆ ಫಟ್ಟನೆ ಒಂದು ಬಿಟ್ಟ. ಅವನು "ಯಪ್ಪಾ!" ಎಂದರೆ ಇವನು, "ದನಿ ಗಟ್ಟಿ ಅದ," ಎಂದು ತಲೆದೂಗಿದ. ಸಾಲದೆಂದು ಅವನ ಕೈಚೀಲ ಎಳೆದು ತಳದವರೆಗೆ ಕೈ ಹಾಕಿದ. ಬಾಚಣಿಗೆ, ಬಾಳೆಹಣ್ಣು ಎಲ್ಲಾ ನೆಲಕ್ಕೆ ಬಿದ್ದವು.

ವರನ ಕಾಕಾ ಎದ್ದು ನಿಂತ. "ಇದೇನ್ರೀ! ಮದಿವಿ ಮಾಡ್ತೀರೋ, ಪೊಲೀಸರಂಗ ಝಡತಿ ತಗೋತೀರೋ?"

ವರ ಮಾತ್ರ ನಗುತ್ತ ಬಾಳೆಹಣ್ಣು ಆರಿಸಿಕೊಂಡು, ಒಂದನ್ನು ಸುಲಿದು ಮಾಮಾನ ಕೈಗೇ ಇಟ್ಟ. ಕಾಕಾ ಗೊಣಗುತ್ತಲೇ ಕುಳಿತ.

ಅಡುಗೆಮನೆಯಿಂದ ಇಣುಕುತ್ತಿದ್ದ ನನಗೆ ಮೈಯೆಲ್ಲ ಉರಿ. ಗಣಿಯವನನ್ನು ಕೇಳಿದ, ಗಾಡಿಯವನನ್ನು ಕೇಳಿದ. ಬಾಳ್ವೆ ಮಾಡಬೇಕಾದವಳು ಇಲ್ಲೇ ಸತ್ತಿದ್ದೇನೆಯೇ? ಆದರೆ ನಮ್ಮಲ್ಲಿ ಹೆಣ್ಣನ್ನು ಕೇಳುವ ಪದ್ಧತಿ ಎಲ್ಲಿತ್ತು! ಹಿರಿಯರು ಸಕ್ಕರೆ ತಿಂದರೆ ಮಾತು ಮುಗಿಯಿತು.

ಅವ್ವ ಸಕ್ಕರೆ ತಟ್ಟೆ ತಂದಳು. ಮಾಮಾ ಅದನ್ನು ಕಸಿದುಕೊಂಡ. "ತಡೀರಿ, ಇನ್ನೊಬ್ಬರನ್ನ ಕೇಳೋದದ."

"ಇನ್ನ ಯಾರು ಉಳದಾರೋ ಯಣ್ಣಾ!" ಅವ್ವ ಹಣೆ ಬಡಿದುಕೊಂಡಳು.

ತಟ್ಟೆ ಹಿಡಿದುಕೊಂಡೇ ಒಳಗೆ ಬಂದ ಮಾಮಾ ನನ್ನೆದುರು ನೆಲದ ಮೇಲೆ ಕುಳಿತ.

"ಕಲ್ಲಿಂದು ಅವರಿಗಿ ಗೊತ್ತು, ತೊಗರಿದು ಇವರಿಗಿ ಗೊತ್ತು. ನಿನ್ನ ಮನಸಿಂದು ನಿನಗ ಬಿಟ್ರ ಯಾರಿಗಿ ಗೊತ್ತು ಮಗಳಾ? ಬ್ಯಾಡಂದ್ರ ಹೇಳು, ನಾ ಹೊರಗ ಹೋಗಿ ಬೈಸ್ಕೋತೀನಿ."

ನನ್ನ ಸಿಟ್ಟೆಲ್ಲ ಕಣ್ಣೀರಾಯಿತು. ಹ್ಞೂಂ ಅಂದೆ. ಹೊರಗೆ ಹಿರಿಯರೆಲ್ಲ ಕಾಯುತ್ತಿದ್ದರು; ಮಾಮಾ ಮೊದಲ ಚಿಟಿಕೆ ಸಕ್ಕರೆ ನನ್ನ ಬಾಯಿಗೆ ಹಾಕಿದ.